ಪಾರ್ಮಾದ ಬಾಗಿಲ ಮೇಲಿನ ಮಧುಬಿಂದು

ಉತ್ತರ ಇಟಲಿಯ ಪಾರ್ಮಾ ನಗರದಲ್ಲಿ, ಪ್ರಧಾನ ಚರ್ಚಿನ ಮಗ್ಗುಲಲ್ಲೇ, ಕ್ರೈಸ್ತ ದೀಕ್ಷಾಸ್ನಾನದ ವಿಧಿಗೆಂದು ಪ್ರತ್ಯೇಕವಾಗಿ ಕಟ್ಟಿದ ಎಂಟು ಮೂಲೆಯ ಮಂದಿರವೊಂದಿದೆ. ಬೆನೆದೆತ್ತೊ ಆಂತೆಲಾಮಿ ಎಂಬ ಶಿಲ್ಪಿಯ ಮುಂದಾಳುತನದಲ್ಲಿ 1196ರಲ್ಲಿ ಆರಂಭವಾದ ಈ ಕಟ್ಟಡದ ದಕ್ಷಿಣ ದ್ವಾರದ ನೆತ್ತಿಯಲ್ಲಿ, ಎಂದರೆ ಬಾಗಿಲ ಮೇಲಿನ ತೊಲೆಗೂ ಕಮಾನಿಗೂ ನಡುವೆ ಉಳಿಯುವ ಅರ್ಧಚಂದ್ರಾಕಾರದ ಜಾಗದಲ್ಲಿ, ಬೈಬಲ್ಲಿನ ಯಾವ ಪ್ರಸಂಗಕ್ಕೂ ಸೇರದ ದೃಶ್ಯವೊಂದನ್ನು ಕಡೆದಿದ್ದಾರೆ. ನಡುವೆ ಒಂದು ಮರ, ಅದರ ಕೊಂಬೆಗಳ ನಡುವೆ ಒಬ್ಬ ಯುವಕ, ಅವನ ಗಮನವೆಲ್ಲ ಅಲ್ಲಿರುವ ಜೇನಿನ ಮೇಲೆ. ಕೆಳಗೆ ಬೆಂಕಿಯುಗುಳುವ ಘಟಸರ್ಪ ಬಾಯ್ದೆರೆದು ಕಾದಿದ್ದರೆ, ಎರಡು ಸಣ್ಣ ಪ್ರಾಣಿಗಳು ಮರದ ಬೇರನ್ನು ಕಡಿಯುತ್ತಿವೆ. ಇಕ್ಕೆಲಗಳಲ್ಲಿ ಕುದುರೆಗಳು ಎಳೆಯುವ ರಥದಲ್ಲಿ ಸೂರ್ಯನೂ ಎತ್ತುಗಳು ಎಳೆಯುವ ರಥದಲ್ಲಿ ಚಂದ್ರನೂ ಸಾಗಿದ್ದಾರೆ.

ಮಹಾಭಾರತದ ಸ್ತ್ರೀಪರ್ವವನ್ನು ಬಲ್ಲವರಿಗೆ ಈ ಯುವಕ ಅಪರಿಚಿತನಲ್ಲ. ನೂರು ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರನಿಗೆ ವಿದುರನು ಹೇಳುವ ದೃಷ್ಟಾಂತದಲ್ಲಿ, ಘೋರವಾದ ಅರಣ್ಯದಲ್ಲಿ ದಾರಿ ತಪ್ಪಿದ ಬ್ರಾಹ್ಮಣನೊಬ್ಬ ಬಳ್ಳಿಗಳಿಂದ ಮುಚ್ಚಿಹೋದ ಹಾಳುಬಾವಿಗೆ ಬಿದ್ದು, ತೊಟ್ಟಿಗೆ ಅಂಟಿ ತೂಗುವ ಹಲಸಿನ ಹಣ್ಣಿನಂತೆ ಆ ಬಳ್ಳಿಗಳಲ್ಲೇ ಸಿಕ್ಕಿಕೊಂಡು ತಲೆಕೆಳಗಾಗಿ ನೇತಾಡುತ್ತಾನೆ. ಬಾವಿಯ ತಳದಲ್ಲಿ ಮಹಾಸರ್ಪವಿದೆ, ಬಾವಿಯ ದಡದಲ್ಲಿ ಆರು ಮುಖ, ಹನ್ನೆರಡು ಕಾಲುಗಳ ಆನೆಯಿದೆ, ಕಪ್ಪು ಮತ್ತು ಬಿಳಿಯ ಇಲಿಗಳು ಮರವನ್ನು ಕಡಿಯುತ್ತಿವೆ. ಆದರೂ ಆತ ಮೇಲಿನಿಂದ ತೊಟ್ಟಿಕ್ಕುವ ಜೇನಿಗೆ ಬಾಯೊಡ್ಡಿ, ಇನ್ನೂ ಬೇಕೆನ್ನುತ್ತಾನೆ. ಆನೆಯೆಂದರೆ ಸಂವತ್ಸರ, ಅದರ ಮುಖಗಳು ಋತುಗಳು, ಕಾಲುಗಳು ಮಾಸಗಳು, ಇಲಿಗಳು ಹಗಲಿರುಳು, ಸರ್ಪವು ಕಾಲ, ಜೇನು ಕಾಮರಸ ಎಂದು ವಿದುರನೇ ಅರ್ಥ ಬಿಡಿಸುತ್ತಾನೆ. ಜೈನರಲ್ಲಿ ಇದೇ ಕಥೆಗೆ ಮಧುಬಿಂದು ದೃಷ್ಟಾಂತವೆಂದು ಹೆಸರು. ಪ್ರಾಕೃತದ ‘ವಸುದೇವಹಿಂಡಿ’ಯಲ್ಲಿಯೂ ಹರಿಭದ್ರಸೂರಿಯ ‘ಸಮರಾಇಚ್ಚಕಹಾ’ದಲ್ಲಿಯೂ ಬರುವ ಈ ಪ್ರಸಂಗವನ್ನು ಜೈನ ಮಂದಿರಗಳ ಚಿತ್ರಗಳಲ್ಲಿ ಇಂದಿಗೂ ಕಾಣಬಹುದು. ಬೌದ್ಧ ನೆಲೆಯಾದ ನಾಗಾರ್ಜುನಕೊಂಡದ ಉಬ್ಬುಶಿಲ್ಪವೊಂದರಲ್ಲಿ ಡಚ್ ವಿದ್ವಾಂಸ ಫೋಗೆಲ್ 1937ರಲ್ಲಿ ಇದೇ ಕಥೆಯನ್ನು ಗುರುತಿಸಿದನು. ಹೀಗಾಗಿ ಇದು ಇಂಥದೇ ಮತದ ಆಸ್ತಿಯೆಂದು ಹೇಳುವಂತಿಲ್ಲ.

ಇದು ಪಾರ್ಮಾವನ್ನು ತಲುಪಿದ ದಾರಿ ದೀರ್ಘವಾದದ್ದು, ಮತ್ತು ಒಂದೇ ಎಳೆಯದಲ್ಲ. ಸಾಸಾನಿ ದೊರೆ ಒಂದನೆಯ ಖುಸ್ರೋ ಅನೂಶಿರ್ವಾನನ (531–579) ಆಸ್ಥಾನದ ವೈದ್ಯ ಬುರ್ಜೋಯ್ ಪಂಚತಂತ್ರವನ್ನು ಅಂದಿನ ಪಾರಸಿಕ ಭಾಷೆಯಾದ ಪಹ್ಲವಿಗೆ ತಂದನು. ಎಂಟನೆಯ ಶತಮಾನದ ನಡುವೆ ಇಬ್ನ್ ಅಲ್ ಮುಕಫ್ಫಾ ಅದನ್ನು ‘ಕಲೀಲ ವ ದಿಮ್ನ’ ಎಂಬ ಹೆಸರಿನಲ್ಲಿ ಅರಬ್ಬಿಗೆ ತಿರುಗಿಸಿದನು. ಬಾವಿಯಲ್ಲಿ ನೇತಾಡುವ ಮನುಷ್ಯನ ಕಥೆ ಇಲ್ಲಿ ಪಂಚತಂತ್ರದ ಒಡಲಿನಲ್ಲಿಲ್ಲ, ಬುರ್ಜೋಯನ ಆತ್ಮಕಥನರೂಪದ ಪೀಠಿಕೆಯಲ್ಲಿದೆ. ಹೀಗಾಗಿಯೇ, ವಸುಭಾಗಭಟ್ಟನ ಪರಂಪರೆಯನ್ನು ಹಿಡಿದು ಚಾಲುಕ್ಯರ ಆಶ್ರಯದಲ್ಲಿ ಕನ್ನಡ ಪಂಚತಂತ್ರವನ್ನು ಬರೆದ ದುರ್ಗಸಿಂಹನ ಕೃತಿಗೂ ಪಶ್ಚಿಮಕ್ಕೆ ಸಾಗಿದ ಈ ಕವಲಿಗೂ ಮೂಲದಲ್ಲಿ ನೆಂಟಸ್ತಿಕೆಯಿದ್ದರೂ, ಈ ದೃಷ್ಟಾಂತದ ಮಟ್ಟಿಗೆ ಅವು ಬೇರೆ ಬೇರೆ.

ಇನ್ನೊಂದು ಎಳೆ, ಯುರೋಪಿನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು, ಬುದ್ಧನ ಚರಿತ್ರೆಯದೇ ಆಗಿದೆ. ಅರಮನೆಯಲ್ಲಿ ದುಃಖದ ಸುಳಿವೂ ಸೋಕದಂತೆ ಬೆಳೆದ ರಾಜಕುಮಾರನೊಬ್ಬ ರೋಗವನ್ನೂ ಮುಪ್ಪನ್ನೂ ಸಾವನ್ನೂ ಅರಿತು ವಿರಾಗಿಯಾಗುವ ಕಥೆ, ಮಧ್ಯ ಏಷ್ಯಾದ ಮಾನಿ ಮತದವರ ಮೂಲಕ ಹಾದುಬಂದಿತೆಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಅರಬ್ಬಿಯಲ್ಲಿ ಅದು ಬಿಲೌಹರ್ ಎಂಬ ಸಂನ್ಯಾಸಿ ಮತ್ತು ಬೂದಾಸಫ್ ಎಂಬ ರಾಜಪುತ್ರನ ಸಂವಾದವಾಯಿತು. ಬೂದಾಸಫನೆಂದರೆ ಬೋಧಿಸತ್ತ್ವನೇ, ಅರಬ್ಬಿ ಲಿಪಿಯ ಒಂದು ಚುಕ್ಕೆಯ ವ್ಯತ್ಯಾಸದಿಂದ ಅವನು ಯೂದಾಸಫನಾಗಿ, ಮುಂದೆ ಯೋಸಾಫಾತನಾದನು. ಜಾರ್ಜಿಯದ ಕ್ರೈಸ್ತರು ಈ ಕಥೆಗೆ ಕ್ರೈಸ್ತ ರೂಪ ಕೊಟ್ಟರು. ಆಥೋಸ್ ಪರ್ವತದ ಮಠದಲ್ಲಿದ್ದು 1028ರಲ್ಲಿ ತೀರಿಕೊಂಡ ಜಾರ್ಜಿಯನ್ ಸಂನ್ಯಾಸಿ ಯೂಥಿಮಿಯಸ್ ಅದನ್ನು ಗ್ರೀಕಿಗೆ ತಂದನೆಂಬುದು ಇಂದಿನ ಬಹುಮತ. ಆದರೆ ಮಧ್ಯಯುಗದ ಓದುಗರು ಅದನ್ನು ಡಮಾಸ್ಕಸ್ಸಿನ ಯೋಹಾನನೆಂಬ ಪ್ರಸಿದ್ಧ ಧರ್ಮಪಂಡಿತನ ಕೃತಿಯೆಂದೇ ನಂಬಿದ್ದರು, ಆ ಹೆಸರಿನ ಬಲದಿಂದಲೇ ಅದಕ್ಕೆ ಅಷ್ಟು ಮನ್ನಣೆ ಸಿಕ್ಕಿರಬೇಕು. ಹನ್ನೊಂದನೆಯ ಶತಮಾನದ ನಡುವೆ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಲ್ಯಾಟಿನ್ ಅನುವಾದವಾಯಿತು. 1260ರ ದಶಕದಲ್ಲಿ ಯಾಕೋಬಸ್ ದ ವೊರಾಜಿನೆ ಸಂಗ್ರಹಿಸಿದ ಸಂತರ ಕಥಾಕೋಶ ‘ಸುವರ್ಣ ಪುರಾಣ’ದೊಳಗೆ ಸೇರಿದ ಮೇಲಂತೂ ಯೋಸಾಫಾತನನ್ನು ಅರಿಯದ ಪ್ರವಚನಕಾರರು ಕಡಿಮೆ. ಈ ಕಥೆಯೊಳಗೆ ಸಂನ್ಯಾಸಿ ಬಾರ್ಲಾಮನು, ಎಂದರೆ ಅರಬ್ಬಿಯ ಬಿಲೌಹರನು, ರಾಜಪುತ್ರನಿಗೆ ಹೇಳುವ ಉಪಕಥೆಗಳಲ್ಲಿ ಒಂದು, ಬಾವಿಗೆ ಬಿದ್ದವನದು.

ದಾರಿಯುದ್ದಕ್ಕೂ ದೃಷ್ಟಾಂತದ ಮೈ ಬದಲಾಯಿತು. ಸಂವತ್ಸರವಾಗಿದ್ದ ಆನೆ ಅರಬ್ಬಿಯಲ್ಲಿ ಬೆನ್ನಟ್ಟುವ ಮದಗಜವಾಗಿ, ಗ್ರೀಕಿನಲ್ಲಿ ಒಂಟಿಕೊಂಬಿನ ಮೃಗವಾಗಿ, ಸಾವಿನ ಸಂಕೇತವಾಯಿತು. ಕಾಲ್ಬುಡದಲ್ಲಿ ನಾಲ್ಕು ಹಾವುಗಳು ಸೇರಿಕೊಂಡು ಶರೀರದ ನಾಲ್ಕು ಧಾತುಗಳೆನಿಸಿದವು. ತಳದ ಸರ್ಪ ನರಕದ ಬಾಯಾಯಿತು. ಬದಲಾಗದೆ ಉಳಿದದ್ದು ಎರಡೇ: ಹಗಲಿರುಳೆಂಬ ಇಲಿಗಳು ಮತ್ತು ಜೇನು. ಪಾರ್ಮಾದ ಶಿಲ್ಪಿ ಎದುರಿಸಿದ ತೊಡಕೂ ಇಲಿಗಳದೇ ಇದ್ದಂತಿದೆ. ಬರಹದಲ್ಲಿ ಒಂದನ್ನು ಕಪ್ಪು, ಇನ್ನೊಂದನ್ನು ಬಿಳಿ ಎಂದರೆ ಸಾಕು, ಕಲ್ಲಿನಲ್ಲಿ ಆ ಭೇದ ಕಾಣುವುದಿಲ್ಲ; ಕಥೆಯಲ್ಲಿಲ್ಲದ ಸೂರ್ಯಚಂದ್ರರ ರಥಗಳನ್ನು ಇಕ್ಕೆಲಗಳಲ್ಲಿ ಇಟ್ಟು, ಇಲಿಗಳು ಹೇಳಬೇಕಾದ ಮಾತನ್ನು ಪ್ರಾಚೀನ ರೋಮಿನ ಶಿಲ್ಪದಿಂದ ಎರವಲು ತಂದ ಆಕೃತಿಗಳಿಂದ ಹೇಳಿಸಿದ್ದಾನೆಂದು ತಿಳಿಯುವುದು ಸಮಂಜಸ. ಬಾವಿಯನ್ನೂ ಅವನು ಕೈಬಿಟ್ಟಿದ್ದಾನೆ. ತಲೆಕೆಳಗಾಗಿ ನೇತಾಡುತ್ತಿದ್ದವನು ಇಲ್ಲಿ ಮರವೇರಿ ನೆಮ್ಮದಿಯಾಗಿದ್ದಾನೆ, ಅಪಾಯದ ಅರಿವೇ ಇಲ್ಲದ ಆ ನೆಮ್ಮದಿ ಮೂಲದ ಯಾತನೆಗಿಂತ ತೀಕ್ಷ್ಣವಾಗಿ ನಾಟುತ್ತದೆ.

ಇದಕ್ಕಿಂತ ಹಳೆಯ ಚಿತ್ರವೂ ಉಂಟು. 1066ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಸ್ಟೂಡಿಯೋಸ್ ಮಠದಲ್ಲಿ ಥಿಯೊಡೋರನೆಂಬ ಲಿಪಿಕಾರ ಬರೆದು ಮುಗಿಸಿದ, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಕೀರ್ತನೆಗಳ ಹಸ್ತಪ್ರತಿಯ ಅಂಚಿನಲ್ಲಿ, ಒಂಟಿಕೊಂಬಿನ ಮೃಗಕ್ಕೆ ಹೆದರಿ ಓಡುವವನೂ ಮರದ ಮೇಲಿನವನೂ ಕಾಣಿಸುತ್ತಾರೆ. ಫ್ರಾನ್ಸಿನ ಜುವಾನ್ಯಿಯಲ್ಲಿ ಹದಿಮೂರನೆಯ ಶತಮಾನದ ಶಾಂಪೇನ್ ವಂಶದ ಅಡಿಲೇಡಳ ಸಮಾಧಿಯ ಮೇಲೂ ಅದೇ ಮರವನ್ನು ಕೆತ್ತಲಾಗಿದೆ.

ಭಾರತದ ಪ್ರತಿಮೆಗಳು ಯುರೋಪನ್ನು ತಲುಪಿದ್ದವೆಂಬುದಕ್ಕೆ ಬೇರೆ ಸಾಕ್ಷ್ಯವೂ ಇದೆ. ಸ್ವೀಡನ್ನಿನ ಹೆಲ್ಗೊ ದ್ವೀಪದ ಉತ್ಖನನದಲ್ಲಿ 1950ರ ದಶಕದಲ್ಲಿ ಸಿಕ್ಕಿದ, ಅಂಗೈಯಗಲದ ಕಂಚಿನ ಬುದ್ಧ, ಅಂದಿನ ವಾಯವ್ಯ ಭಾರತದ, ಎಂದರೆ ಇಂದಿನ ಪಾಕಿಸ್ತಾನದ, ಸ್ವಾತ್ ಕಣಿವೆಯ ಕಡೆಯ, ಸುಮಾರು ಆರನೆಯ ಶತಮಾನದ ಕೆಲಸ. ಆದರೆ ಅದನ್ನು ಕಂಡು ಅಲ್ಲಿನ ಯಾವ ಕಮ್ಮಾರನೂ ಪದ್ಮಾಸನದ ಮೂರ್ತಿಯನ್ನು ಎರೆದಂತಿಲ್ಲ. ಮಧ್ಯಯುಗದ ಯುರೋಪಿನ ವಿಚಿತ್ರ ಆಕೃತಿಗಳಿಗೆ ಪೂರ್ವದ ಮೂಲಗಳನ್ನು ಹುಡುಕಿ 1955ರಲ್ಲಿ ಹೆಸರಾಂತ ಗ್ರಂಥವನ್ನು ಪ್ರಕಟಿಸಿದ ಯುರ್ಗಿಸ್ ಬಾಲ್ಟ್ರುಶೈಟಿಸ್, ಗಾಥಿಕ್ ಪಿಶಾಚಿಗಳ ಬಾವಲಿ ರೆಕ್ಕೆಗಳನ್ನೂ ಚೀನಾದ ಕಡೆಗೆ ತಿರುಗಿಸಿದನು. ಹೋಲಿಕೆ ಕಂಡಲ್ಲೆಲ್ಲ ಸಂಬಂಧವನ್ನು ಕಟ್ಟುವ ಈ ಉತ್ಸಾಹವನ್ನು ಎಚ್ಚರದಿಂದಲೇ ಓದಬೇಕಾಗುತ್ತದೆ. ಮೂರೇ ಕಿವಿಗಳನ್ನು ಹಂಚಿಕೊಂಡು ವರ್ತುಲದಲ್ಲಿ ಓಡುವ ಮೂರು ಮೊಲಗಳ ಆಕೃತಿ ಡುನ್‌ಹುವಾಂಗಿನ 407ನೆಯ ಗುಹೆಯ ಚಾವಣಿಯಲ್ಲಿಯೂ ಇಂಗ್ಲೆಂಡಿನ ಡೆವನ್ ಸೀಮೆಯ ಚರ್ಚುಗಳ ಮರದ ಚಾವಣಿಯಲ್ಲಿಯೂ ಇದೆಯಾದರೂ, ನಡುವಣ ದಾರಿಯ ಕೊಂಡಿಗಳು ಪಾರ್ಮಾದ ಮರಕ್ಕಿರುವಂತೆ ಗ್ರಂಥಗಳಲ್ಲಿ ದಾಖಲಾಗಿಲ್ಲ. ಪಾರ್ಮಾದ ಶಿಲ್ಪಿ ಭಾರತದ ಚಿತ್ರವನ್ನು ನೋಡಿರಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಅವನಿಗೆ ತಲುಪಿದ್ದು ಮಾತು.

ಆ ಮಾತು ಎಲ್ಲಿಂದ ಬಂದಿತೆಂಬುದನ್ನು ಅಂದು ಯಾರೂ ಕೇಳಲಿಲ್ಲ, ಏಕೆಂದರೆ ಯೋಸಾಫಾತನು ಭಾರತದ ರಾಜಪುತ್ರನೆಂದು ಕಥೆಯೇ ಸಾರುತ್ತಿತ್ತು. ಅವನ ಹೆಸರು ರೋಮನ್ ಸಂತರ ಪಟ್ಟಿಯಲ್ಲಿ ನವೆಂಬರ್ 27ಕ್ಕೆ ಸೇರಿತು. 1571ರಲ್ಲಿ ವೆನಿಸ್ಸಿನ ಅಧಿಪತಿ ಪೋರ್ಚುಗಲ್ಲಿನ ದೊರೆ ಸೆಬಾಸ್ಟಿಯನ್ನನಿಗೆ ಯೋಸಾಫಾತನದೆಂದು ಹೇಳಲಾದ ಮೂಳೆಯೊಂದನ್ನು ಉಡುಗೊರೆಯಾಗಿ ಕೊಟ್ಟನು, ಅದು ಮುಂದೆ ಆಂಟ್‌ವರ್ಪಿಗೆ ಹೋಯಿತು. ಗೋವೆಯಲ್ಲಿದ್ದ ಪೋರ್ಚುಗೀಸ್ ಇತಿಹಾಸಕಾರ ದಿಯೊಗೊ ದೊ ಕೌತೊ, ಬುದ್ಧನ ಕಥೆಯನ್ನು ಬರೆಯುವಾಗ ಎರಡರ ಹೋಲಿಕೆಯನ್ನು ಗಮನಿಸಿದನಾದರೂ, ಇಲ್ಲಿನ ಜನ ಪೂಜಿಸುವ ಬುದ್ಧನೇ ಮೂಲದಲ್ಲಿ ಸಂತ ಯೋಸಾಫಾತನಾಗಿರಬಹುದೆಂದು ಊಹಿಸಿದನು. ಸಾಲದ ಲೆಕ್ಕವನ್ನು ತಿರುವುಮುರುವಾಗಿ ಬರೆದ ಈ ಊಹೆ ನೇರಗೊಳ್ಳಲು, ವಿದ್ವಾಂಸರಾದ ಲಾಬುಲೆ 1859ರಲ್ಲಿಯೂ ಲೀಬ್ರೆಕ್ಟ್ 1860ರಲ್ಲಿಯೂ ಎರಡು ಚರಿತ್ರೆಗಳನ್ನು ಎದುರುಬದುರು ಇಟ್ಟು ಓದುವವರೆಗೆ ಕಾಯಬೇಕಾಯಿತು.