ಪರದೇಶಿಗಳ ನಾಡು ವೇಲ್ಸ್

ಬ್ರಿಟನ್ನಿನ ವೇಲ್ಸ್, ಬೆಲ್ಜಿಯಮ್ಮಿನ ವಲೋನಿಯಾ, ರುಮೇನಿಯಾದ ವಲಾಕಿಯಾ. ನಕಾಶೆಯಲ್ಲಿ ದೂರದೂರದ ಈ ಮೂರು ಸೀಮೆಗಳಿಗೆ ಹೆಸರು ಬಂದಿರುವುದು ಒಂದೇ ಬೇರಿನಿಂದ. ನಾವು ಅಕ್ರೋಟು ಎನ್ನುವ ಕಾಯಿಗೆ ಇಂಗ್ಲಿಷಿನಲ್ಲಿ ವಾಲ್‌ನಟ್ ಎಂದು ಹೆಸರಿದೆಯಲ್ಲ, ಅದರ ‘ವಾಲ್’ ಕೂಡ ಇದೇ. ಅರ್ಥ: ಹೊರಗಿನದು, ಪರದೇಶದ್ದು.

ಆಲ್ಪ್ಸ್ ಪರ್ವತದ ಉತ್ತರಕ್ಕೆ ‘ವೋಲ್ಕೆ’ ಎಂಬ ಕೆಲ್ಟಿಕ್ ಬುಡಕಟ್ಟಿನವರಿದ್ದರು. ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಜೂಲಿಯಸ್ ಸೀಸರ್ ತನ್ನ ಯುದ್ಧಕಥನದಲ್ಲಿ ಇವರನ್ನು ಹೆಸರಿಸಿದ್ದಾನೆ. ನೆರೆಯ ಜರ್ಮನಿಕ್ ಜನರ ಬಾಯಲ್ಲಿ ಈ ಹೆಸರೇ ‘ವಾಲ್ಹ್’ ಆಯಿತೆಂದು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುತ್ತಾರೆ. ಮೊದಲು ಅದು ಕೆಲ್ಟರಿಗೆಲ್ಲ ಅಂಟಿತು, ಆಮೇಲೆ ಲ್ಯಾಟಿನ್ ಮಾತಾಡುವವರಿಗೆಲ್ಲ. ದಿಲ್ಲಿಗೆ ಬಂದ ಹೊಸತರಲ್ಲಿ ನಾನೂ, ಪಕ್ಕದ ಕೋಣೆಯ ತೆಲುಗಿನವನೂ, ಮೇಲಿನ ಮಹಡಿಯ ಮಲಯಾಳಿಯೂ ಒಟ್ಟಿಗೆ ‘ಮದ್ರಾಸಿ’ಗಳಾದ ಹಾಗೆ.

ಈ ಮಾತಿನ ಕ್ರೂರ ಮುಖ ಕಾಣುವುದು ಬ್ರಿಟನ್ನಿನಲ್ಲಿ. 5ನೇ ಶತಮಾನದ ಹೊತ್ತಿಗೆ ಸಮುದ್ರ ದಾಟಿ ಬಂದು ನೆಲೆ ನಿಂತವರು ಆಂಗ್ಲೋ-ಸ್ಯಾಕ್ಸನ್ನರು. ಆದರೆ ‘ವೆಯಾಲ್ಹ್’, ಅಂದರೆ ಪರಕೀಯರು, ಎನ್ನಿಸಿಕೊಂಡವರು ಮೊದಲಿನಿಂದ ಅಲ್ಲೇ ಇದ್ದ ಬ್ರಿಟನ್ನರು! ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಗುಲಾಮ ಎಂಬ ಅರ್ಥವೂ ಕೂಡಿಕೊಂಡಿತು. 7ನೇ ಶತಮಾನದ ಕೊನೆಯಲ್ಲಿ ವೆಸೆಕ್ಸಿನ ರಾಜ ಇನೆ ಬರೆಸಿದ ಕಾನೂನಿನಲ್ಲಿ ಕೊಲೆಯಾದವನ ಪರವಾಗಿ ಕೊಡಬೇಕಾದ ಪರಿಹಾರದ ಲೆಕ್ಕವಿದೆ. ಇಂಗ್ಲಿಷ್ ಕುಲೀನನ ಜೀವಕ್ಕೆ 1200 ಶಿಲಿಂಗ್. ಐದು ‘ಹೈಡ್’ ಜಮೀನಿದ್ದ ಅನುಕೂಲಸ್ಥ ವೆಯಾಲ್ಹ್‌ನ ಜೀವಕ್ಕೆ 600. ಹೆಸರು ಬರೀ ಹೆಸರಾಗಿ ಉಳಿದಿರಲಿಲ್ಲ. ಕನ್ನಡದಲ್ಲೂ ‘ಪರದೇಶಿ’ ಎಂದರೆ ಬೇರೆ ದೇಶದವನಷ್ಟೇ ಅಲ್ಲ, ದಿಕ್ಕಿಲ್ಲದವನು ಎಂದೂ ಹೌದಲ್ಲವೇ?

ಪೂರ್ವದಲ್ಲಿ ಸ್ಲಾವ್ ಜನ ಈ ಪದವನ್ನು ಎರವಲು ಪಡೆದು ‘ವ್ಲಾಹ್’ ಮಾಡಿಕೊಂಡರು. ಪೋಲೆಂಡಿನವರಿಗೆ ಇಟಲಿ ಇಂದಿಗೂ ‘ವ್ವೊಹಿ’. ಹಂಗೇರಿಯವರು ಒಂದೇ ಪದದಿಂದ ಎರಡು ಮಾಡಿಕೊಂಡರು: ಇಟಲಿಯವನು ‘ಒಲಸ್’, ರುಮೇನಿಯಾದವನು ‘ಒಲಾಹ್’. ಗ್ರೀಕರಲ್ಲಿ ‘ವ್ಲಾಹೋಸ್’ ಎಂದರೆ ಕುರಿಗಾಹಿ, ಹಳ್ಳಿ ಗಮಾರ ಎಂಬ ಬೈಗುಳವೂ ಹೌದು. ಜರ್ಮನರಿಗೆ ಅರ್ಥವಾಗದ ಕಲಸುಮೇಲೋಗರದ ಮಾತು ‘ಕೌಡರ್‌ವೆಲ್ಷ್’.

ಹೀಗೆ ಕರೆಸಿಕೊಂಡವರು ತಮ್ಮನ್ನು ತಾವು ಏನೆಂದುಕೊಂಡರು ಎಂಬುದೇ ನನಗೆ ಹೆಚ್ಚು ಇಷ್ಟವಾದ ಸಂಗತಿ. ವಲಾಕಿಯಾದವರು ತಮ್ಮ ಸೀಮೆಯನ್ನು ‘ರುಮೇನಿಯನ್ನರ ನಾಡು’ ಎಂದೇ ಕರೆದುಕೊಳ್ಳುತ್ತಿದ್ದರು. 1859ರಲ್ಲಿ ಮೊಲ್ಡಾವಿಯಾದೊಡನೆ ಒಂದಾದ ಮೇಲೆ ಆ ಹೆಸರೇ ದೇಶಕ್ಕೆ ನಿಂತಿತು. ವೇಲ್ಸಿನವರು ತಮ್ಮ ಭಾಷೆಯಲ್ಲಿ ‘ಕಮ್ರಿ’. ಅದರ ಮೂಲ ‘ಕೊಂಬ್ರೊಗಿ’, ಒಂದೇ ಸೀಮೆಯವರು, ನಮ್ಮೂರ ಕಡೆಯವರು ಎಂದು.

ಅಂದಹಾಗೆ, ಅವರ ಬಾಯಲ್ಲಿ ಇಂಗ್ಲಿಷರು ಈಗಲೂ ‘ಸೈಸೊನ್’, ಅಂದರೆ ಸ್ಯಾಕ್ಸನ್ನರು. ಬಂದವರಲ್ಲಿ ಆಂಗಲ್ ಪಂಗಡದವರೂ ಜೂಟ್ ಪಂಗಡದವರೂ ಇದ್ದರು. ಅವರನ್ನೂ ಸೇರಿಸಿ ಎಲ್ಲರಿಗೂ ಅದೊಂದೇ ಹೆಸರು.