ಪಿಸ್ತೂಲಿನ ಗುರಿಗಣ್ಣು

ತುಮಕೂರಿನ ಸದಾಶಿವನಗರದಲ್ಲಿ ಒಂದು ಮನೆಯ ತಾರಸಿ. ರಾತ್ರಿ ಎಂಟು ಗಂಟೆ. ಆಕಾಶ ವೀಕ್ಷಣೆಗೆಂದು ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ನೀವು ಒಂದು ಚಿಕ್ಕ ದೂರದರ್ಶಕವನ್ನು ನಿಲ್ಲಿಸಿದ್ದೀರಿ ಎಂದುಕೊಳ್ಳಿ. ಗುರುಗ್ರಹವನ್ನು ಹಿಡಿಯಬೇಕು. ದೂರದರ್ಶಕದ ಕೊಳವೆಯ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಸಾಧನವಿದೆ. ಅದರ ಗಾಜಿನ ಮೂಲಕ ನೋಡಿದರೆ ಆಕಾಶಕ್ಕೇ ಅಂಟಿಸಿದಂತೆ ಒಂದು ಕೆಂಪು ಚುಕ್ಕೆ ಕಾಣುತ್ತದೆ. ಆ ಚುಕ್ಕೆಯನ್ನು ಗುರುವಿನ ಮೇಲೆ ಕೂರಿಸಿದರೆ ಸಾಕು, ಗ್ರಹ ದೂರದರ್ಶಕದ ನೋಟದೊಳಗೆ ಬಂದಿರುತ್ತದೆ. ಆಗ ಒಬ್ಬ ಹುಡುಗನಾದರೂ ಕೇಳಿಯೇ ಕೇಳುತ್ತಾನೆ: "ಸರ್, ಇದು ಸಿನಿಮಾದಲ್ಲಿ ಪಿಸ್ತೂಲಿನ ಮೇಲೆ ಇರೋದಲ್ವಾ?"

ಹುಡುಗನ ಊಹೆ ಸರಿ. ಎರಡೂ ಒಂದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ. ಅಷ್ಟೇ ಅಲ್ಲ, ಬಂದೂಕಿಗೆ ಈ ಚುಕ್ಕೆಯನ್ನು ಮೊದಲು ಕೊಟ್ಟವನೂ ಒಬ್ಬ ದೂರದರ್ಶಕ ತಯಾರಕನೇ. ಜೇಬಿನಲ್ಲಿ ಅಥವಾ ಸೊಂಟದಲ್ಲಿ ಒಯ್ಯುವಂಥ ಚಿಕ್ಕ ಪಿಸ್ತೂಲಿಗೆ ಯಾವ ಗುರಿ ಸಾಧನ ಹೊಂದುತ್ತದೆ ಎಂಬುದು ಮೇಲುನೋಟಕ್ಕೆ ಆಯುಧ ತಜ್ಞರ ಪ್ರಶ್ನೆ. ಆದರೆ ಅದರ ಚರಿತ್ರೆಯನ್ನು ಬಿಡಿಸುತ್ತ ಹೋದರೆ ಕೊನೆಗೆ ನಿಲ್ಲುವುದು ನಮ್ಮ ಕಣ್ಣಿನ ಇತಿಮಿತಿಗಳ ಬಳಿ.

ಒಂದು ಕಣ್ಣು, ಮೂರು ದೂರ

ಮೊದಲು ಒಂದು ಸರಳ ಪ್ರಯೋಗ. ಒಂದು ಪೆನ್ಸಿಲನ್ನು ತೋಳು ಚಾಚಿ ನೆಟ್ಟಗೆ ಹಿಡಿಯಿರಿ. ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯನ್ನು ದೂರದ ತೆಂಗಿನ ಮರದ ಸುಳಿಯ ನೇರಕ್ಕೆ ತನ್ನಿ. ಪೆನ್ಸಿಲಿನ ತುದಿ ಸ್ಪಷ್ಟವಾಗಿದ್ದಾಗ ಮರ ಮಸುಕಾಗಿರುತ್ತದೆ. ಮರವನ್ನು ದಿಟ್ಟಿಸಿದರೆ ಪೆನ್ಸಿಲು ಮಸುಕು. ಕಣ್ಣಿನ ಮಸೂರ ಒಂದು ಕ್ಷಣದಲ್ಲಿ ಒಂದೇ ದೂರಕ್ಕೆ ಹೊಂದಿಕೊಳ್ಳಬಲ್ಲದು.

ಬಂದೂಕು, ಪಿಸ್ತೂಲುಗಳ ಸಾಂಪ್ರದಾಯಿಕ ಗುರಿ ವ್ಯವಸ್ಥೆ ಇದಕ್ಕಿಂತ ಕಠಿಣವಾದ ಕೆಲಸವನ್ನು ಕಣ್ಣಿಗೆ ಒಪ್ಪಿಸುತ್ತದೆ. ನಳಿಗೆಯ ತುದಿಯಲ್ಲಿ ಒಂದು ಮೊನೆ, ಹಿಂಭಾಗದಲ್ಲಿ ಒಂದು ಕಚ್ಚು. ಎನ್.ಸಿ.ಸಿ. ಕೆಡೆಟ್‌ಗಳಾದ ವಿದ್ಯಾರ್ಥಿಗಳು ಇವನ್ನು ಫೋರ್‌ಸೈಟ್, ಬ್ಯಾಕ್‌ಸೈಟ್ ಎಂದು ಬಲ್ಲರು. ಕಚ್ಚಿನ ನಡುವೆ ಮೊನೆ ಕಾಣಬೇಕು, ಮೊನೆಯ ಮೇಲೆ ಗುರಿ ಕೂರಬೇಕು. ಮೂರೂ ಬೇರೆ ಬೇರೆ ದೂರದಲ್ಲಿರುವ ವಸ್ತುಗಳು! ಆದ್ದರಿಂದಲೇ ಎಲ್ಲ ತರಬೇತಿಯಲ್ಲೂ 'ಮೊನೆಯನ್ನು ಸ್ಪಷ್ಟವಾಗಿ ನೋಡು, ಗುರಿ ಮಸುಕಾದರೆ ಚಿಂತೆಯಿಲ್ಲ' ಎಂದೇ ಹೇಳಿಕೊಡುತ್ತಾರೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವವರು ನೆಚ್ಚುವುದೂ ಈ ಹಳೆಯ ಉಪಾಯವನ್ನೇ.

ನಲವತ್ತು ದಾಟಿದ ಮೇಲೆ ಇನ್ನೊಂದು ತೊಡಕು. ಕಣ್ಣಿನ ಮಸೂರ ಬಿರುಸಾಗಿ, ಹತ್ತಿರದ ವಸ್ತುಗಳಿಗೆ ಹೊಂದಿಕೊಳ್ಳುವ ಸಾಮರ್ಥ್ಯ ಕುಗ್ಗುತ್ತದೆ. ಚಾಳೀಸು ಬಂತು ಎನ್ನುತ್ತೇವಲ್ಲ, ಅದೇ. ಆಗ ಕಚ್ಚು, ಮೊನೆ ಎರಡೂ ಮಸುಕಾಗುತ್ತವೆ. ಓದುವ ಕನ್ನಡಕ ಹಾಕಿಕೊಂಡರೆ ದೂರದ ಗುರಿ ಕಾಣದು.

ಪುಟ್ಟ ಪಿಸ್ತೂಲಿನ ದೊಡ್ಡ ಕಷ್ಟ

ಜೇಬಿನಲ್ಲಿ ಒಯ್ಯಬಹುದಾದ ಸ್ವಯಂಚಾಲಿತ ಪಿಸ್ತೂಲು ಜನಪ್ರಿಯವಾದದ್ದು ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿ, ಬೆಲ್ಜಿಯಂನ ಎಫ್.ಎನ್. ಕಾರ್ಖಾನೆ ತಯಾರಿಸಿದ 1900ರ ಮಾದರಿಯಿಂದ. ಅದರ 7.65 ಮಿ.ಮೀ. ಅಂದರೆ .32 ಅಳತೆಯ ಗುಂಡು ಭಾರತದ ಪರವಾನಗಿದಾರರ ಪಿಸ್ತೂಲುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಇಂಥ ಪಿಸ್ತೂಲುಗಳಲ್ಲಿ ಮೊನೆ, ಕಚ್ಚುಗಳನ್ನು ತೀರಾ ಚಿಕ್ಕದಾಗಿ ಮಾಡುತ್ತಿದ್ದರು. ದೊಡ್ಡದಾದರೆ ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತದಲ್ಲ!

ಆದರೆ ಚಿಕ್ಕದಾದಷ್ಟೂ ತಪ್ಪು ದೊಡ್ಡದಾಗುತ್ತದೆ. ಇದು ಸದೃಶ ತ್ರಿಭುಜಗಳ ಲೆಕ್ಕ. ಮೊನೆ ಮತ್ತು ಕಚ್ಚುಗಳ ನಡುವಿನ ಅಂತರ 32 ಸೆಂ.ಮೀ. ಇರುವ ಸ್ಪರ್ಧಾ ಪಿಸ್ತೂಲನ್ನು ತೆಗೆದುಕೊಳ್ಳಿ. ಮೊನೆ 1 ಮಿ.ಮೀ.ನಷ್ಟು ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 31 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಅದೇ ಅಂತರ 15 ಸೆಂ.ಮೀ. ಇರುವ ಚಿಕ್ಕ ಪಿಸ್ತೂಲಿನಲ್ಲಿ ಸುಮಾರು 67 ಮಿ.ಮೀ.! ತಪ್ಪು ಅಷ್ಟೇ, ಫಲ ಎರಡು ಪಟ್ಟಿಗೂ ಹೆಚ್ಚು. ಚಿಕ್ಕ ಪಿಸ್ತೂಲಿಗೆ ಗುರಿ ಸಾಧನಗಳನ್ನು ಹುಡುಕುತ್ತ ಹೋದದ್ದಕ್ಕೆ ಈ ರೇಖಾಗಣಿತವೇ ಮುಖ್ಯ ಕಾರಣ.

ದೂರದರ್ಶಕವನ್ನೇ ಪಿಸ್ತೂಲಿನ ಮೇಲೆ ಕೂರಿಸಿದರೆ? ದೂರದರ್ಶಕದೊಳಗೆ ಗುರಿಗೆರೆಯನ್ನು ಇಡುವ ಉಪಾಯ 1640ರ ಆಸುಪಾಸಿನಷ್ಟು ಹಳೆಯದು. ಇಂಗ್ಲೆಂಡಿನ ಖಗೋಳಾಸಕ್ತ ವಿಲಿಯಂ ಗ್ಯಾಸ್ಕಾಯ್ನ್‌ಗೆ ಅದು ಹೊಳೆದದ್ದು ತನ್ನ ದೂರದರ್ಶಕದೊಳಗೆ ಜೇಡವೊಂದು ಎಳೆದಿದ್ದ ನೂಲನ್ನು ಕಂಡಾಗ ಎನ್ನುತ್ತಾರೆ. ಇಂಥ ಗುರಿದೂರದರ್ಶಕಗಳು 19ನೇ ಶತಮಾನದಲ್ಲಿ ರೈಫಲುಗಳಿಗೆ ಬಂದವು. ಆದರೆ ಅದರಲ್ಲಿ ಕಾಣುವ ನೋಟ ಕಿರಿದು, ಕಣ್ಣನ್ನು ನಿಗದಿತ ಜಾಗದಲ್ಲೇ ಇಡಬೇಕು. ತೋಳು ಚಾಚಿ ಹಿಡಿಯುವ ಚಿಕ್ಕ ಪಿಸ್ತೂಲಿಗೆ ಅದು ಒಗ್ಗಲಿಲ್ಲ.

ಡಬ್ಲಿನ್ನಿನಿಂದ ಬಂದ ಉತ್ತರ

ಬ್ರೌನಿಂಗನ ಪಿಸ್ತೂಲು ಬಂದ ಅದೇ 1900ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಸರ್ ಹೋವರ್ಡ್ ಗ್ರಬ್ ಒಂದು ಪೇಟೆಂಟ್ ಪಡೆದ. ಈತ ವೀಕ್ಷಣಾಲಯಗಳಿಗೆ ದೂರದರ್ಶಕ ಮಾಡಿಕೊಡುತ್ತಿದ್ದ ಹೆಸರಾಂತ ತಯಾರಕ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಅಂಗುಲದ ದೂರದರ್ಶಕ ಅವನ ಸಂಸ್ಥೆಯದೇ.

ಗ್ರಬ್‌ನ ಯುಕ್ತಿ ಸರಳ. ಮಸೂರದ ಸಂಗಮಬಿಂದುವಿನಲ್ಲಿ ಬೆಳಗುವ ಒಂದು ಗುರುತನ್ನಿಟ್ಟರೆ ಅದರಿಂದ ಹೊರಟ ಕಿರಣಗಳು ಮಸೂರವನ್ನು ದಾಟಿ ಸಮಾಂತರವಾಗುತ್ತವೆ. ಸಮಾಂತರ ಕಿರಣಗಳು ಬರುವುದು ಅನಂತ ದೂರದ ವಸ್ತುವಿನಿಂದ ಎಂದೇ ಕಣ್ಣು ತಿಳಿಯುತ್ತದೆ. ಅವನ್ನು ಒಂದು ಓರೆ ಗಾಜಿನಿಂದ ಪ್ರತಿಫಲಿಸಿ ಕಣ್ಣಿಗೆ ಬೀಳಿಸಿದರೆ, ಅದೇ ಗಾಜಿನ ಮೂಲಕ ಕಾಣುವ ದೂರದ ಗುರಿಯ ಮೇಲೆ ಗುರುತು ತೇಲುತ್ತದೆ. ಗುರಿಯೂ ದೂರ, ಗುರುತೂ ದೂರ. ಮೂರು ದೂರಗಳ ಜಂಜಾಟ ಒಂದೇ ದೂರಕ್ಕೆ ಇಳಿಯಿತು! ತಲೆ ತುಸು ಅತ್ತಿತ್ತ ಆದರೂ ಚುಕ್ಕೆ ಗುರಿಯನ್ನು ಬಿಟ್ಟು ಹೋಗದು. ಸಮೀಪದ ಗುರಿಗಳಲ್ಲಿ ಪ್ಯಾರಲ್ಯಾಕ್ಸ್ ತಪ್ಪು ಸ್ವಲ್ಪ ಉಳಿಯುತ್ತದೆ, ನಿಜ. ಆದರೆ ಅದು ಗಾಜಿನ ಅಗಲದ ಅರ್ಧವನ್ನು ಮೀರದು.

ಈ ಸಾಧನ ಮೊದಲು ಸೇರಿದ್ದು ಯುದ್ಧವಿಮಾನಗಳನ್ನು. 1918ರಲ್ಲಿ ಜರ್ಮನರು ಅದನ್ನು ವಿಮಾನಗಳಲ್ಲಿ ಪರೀಕ್ಷಿಸಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದು ಯುದ್ಧವಿಮಾನಗಳಲ್ಲಿ ಸಾಮಾನ್ಯವಾಯಿತು. ಪೈಲಟ್ಟಿನ ಕಣ್ಣೆದುರಿನ ಗಾಜಿನ ಮೇಲೆ ವೇಗ, ಎತ್ತರಗಳನ್ನು ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ ಇದರದೇ ಸಂತತಿ. ಬೆಂಗಳೂರಿನ ಎಚ್.ಎ.ಎಲ್. ತಯಾರಿಸುವ ತೇಜಸ್ ವಿಮಾನಕ್ಕೆ ಅದನ್ನು ರೂಪಿಸಿದವರು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆಯವರು.

ಬಲ್ಬು ಹೋಗಿ ಎಲ್.ಇ.ಡಿ. ಬಂತು

ವಿಮಾನದಲ್ಲಿ ಸಲ್ಲುವುದು ಅಂಗೈಯಲ್ಲಿ ಸಲ್ಲಬೇಕೆ? ಬಲ್ಬಿಗೆ ಬಹಳ ವಿದ್ಯುತ್ ಬೇಕು, ಅದರ ತಂತಿ ಪೆಟ್ಟಿಗೆ ತುಂಡಾಗುತ್ತದೆ. ಪಿಸ್ತೂಲಿಗೆ ದಾರಿ ತೆರೆದದ್ದು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ತೋರಿಸಿಕೊಟ್ಟ ಕೆಂಪು ಎಲ್.ಇ.ಡಿ. ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ 1975ರಲ್ಲಿ ಎಲ್.ಇ.ಡಿ. ಬಳಸಿದ ಕೆಂಪು ಚುಕ್ಕೆಯ ಸಾಧನವನ್ನು ಮಾರುಕಟ್ಟೆಗೆ ತಂದಿತು. ಆದರೂ ಅದು ಒಂದು ಕೊಳವೆಯಷ್ಟು ದೊಡ್ಡದು. ಗುಂಡು ಹಾರಿದಾಗಲೆಲ್ಲ ರಭಸದಿಂದ ಹಿಂದೆ ಮುಂದೆ ಜಾರುವ ಪಿಸ್ತೂಲಿನ ಸ್ಲೈಡಿನ ಮೇಲೆ ಕೂತು ಪೆಟ್ಟು ತಾಳಬಲ್ಲ ಪುಟ್ಟ ಸಾಧನಗಳು ಬಳಕೆಗೆ ಬರಲು ಇನ್ನೂ ಕೆಲವು ದಶಕಗಳು ಹಿಡಿದವು. ಅಮೆರಿಕದ ಟ್ರಿಜಿಕಾನ್ ಸಂಸ್ಥೆಯ 2009ರ ಆರ್.ಎಂ.ಆರ್. ಈ ದಾರಿಯಲ್ಲಿ ಒಂದು ಮೈಲಿಗಲ್ಲು. ಇಂದು ಇಂಥವು ಹಲವು, ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಇರುವಂಥದೇ ಬಿಲ್ಲೆ ಬ್ಯಾಟರಿಯಲ್ಲಿ ನಡೆಯುತ್ತವೆ.

ಚುಕ್ಕೆಯ ಗಾತ್ರವನ್ನು ಕೋನಮಿನಿಟುಗಳಲ್ಲಿ ಹೇಳುತ್ತಾರೆ. 1 ಡಿಗ್ರಿಯ ಅರವತ್ತನೆಯ ಒಂದು ಭಾಗವೇ ಕೋನಮಿನಿಟು. ಹುಣ್ಣಿಮೆ ಚಂದ್ರನ ಅಗಲ ಸುಮಾರು 31 ಮಿನಿಟು. 3 ಮಿನಿಟಿನ ಚುಕ್ಕೆ ಚಂದ್ರನ ಹತ್ತನೆಯ ಒಂದರಷ್ಟು, 10 ಮೀಟರ್ ದೂರದಲ್ಲಿ ಸುಮಾರು 9 ಮಿ.ಮೀ. ಅಗಲ. 6 ಮಿನಿಟಿನದು ಸುಮಾರು 17 ಮಿ.ಮೀ. ದೊಡ್ಡ ಚುಕ್ಕೆ ಬೇಗ ಕಣ್ಣಿಗೆ ಸಿಗುತ್ತದೆ, ಚಿಕ್ಕ ಚುಕ್ಕೆ ಗುರಿಯನ್ನು ಕಡಿಮೆ ಮರೆಮಾಡುತ್ತದೆ.

ಟ್ರೀಷಿಯಂ ಮತ್ತು ಲೇಸರ್

ಕತ್ತಲೆಗೆ ಬೇರೆ ಎರಡು ಉಪಾಯಗಳು ಬಂದವು. ಒಂದು ಟ್ರೀಷಿಯಂ. ಹೈಡ್ರೊಜನ್ನಿನ ಈ ವಿಕಿರಣಶೀಲ ಸಮಸ್ಥಾನಿ ಕೈಗಾದಂಥ ಭಾರಜಲ ರಿಯಾಕ್ಟರುಗಳಲ್ಲಿ ಉಪೋತ್ಪನ್ನವಾಗಿ ಉಂಟಾಗುವುದನ್ನು ನೀವು ಓದಿರುತ್ತೀರಿ. ಚಿಕ್ಕ ಗಾಜಿನ ನಳಿಕೆಯಲ್ಲಿ ಟ್ರೀಷಿಯಂ ತುಂಬಿದರೆ ಅದರ ಬೀಟಾ ಕಣಗಳು ಒಳಗೋಡೆಯ ಫಾಸ್ಫರ್ ಲೇಪನವನ್ನು ಬೆಳಗಿಸುತ್ತವೆ. ಮೊನೆ, ಕಚ್ಚುಗಳಲ್ಲಿ ಹುದುಗಿಸಿದ ಇಂಥ ನಳಿಕೆಗಳಿಗೆ ಬ್ಯಾಟರಿ ಬೇಡ. ಆದರೆ ಟ್ರೀಷಿಯಂನ ಅರ್ಧಾಯು 12.3 ವರ್ಷ. ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಬೆಳಕು ಅರ್ಧಕ್ಕಿಳಿದಿರುತ್ತದೆ. ಇನ್ನೂ ಮುಖ್ಯವಾಗಿ, ಅದು ಬೆಳಗುವುದು ಮೊನೆಯನ್ನು, ಎದುರಿಗಿರುವವರನ್ನಲ್ಲ.

ಇನ್ನೊಂದು ಲೇಸರ್. 1984ರ 'ಟರ್ಮಿನೇಟರ್' ಚಿತ್ರದಲ್ಲಿ ಪಿಸ್ತೂಲಿನ ಮೇಲೆ ಕಾಣುವ ದಪ್ಪ ಕೊಳವೆ ಹೀಲಿಯಂ-ನಿಯಾನ್ ಲೇಸರಿನದು. ಅದಕ್ಕೆ ವಿದ್ಯುತ್ತನ್ನು ಹೊರಗಿನಿಂದ ತಂತಿಯಲ್ಲಿ ಕೊಡಬೇಕಿತ್ತು! ಅರೆವಾಹಕ ಲೇಸರುಗಳು ಬಂದ ಮೇಲೆ ಅದು ಬೆರಳಿನ ಗಾತ್ರಕ್ಕೆ ಇಳಿಯಿತು. ಹಸಿರು ಲೇಸರ್ ಕೆಂಪಿಗಿಂತ ಪ್ರಖರವಾಗಿ ಕಾಣುವುದೇಕೆ? ಹಗಲಿನಲ್ಲಿ ನಮ್ಮ ಕಣ್ಣು ಹೆಚ್ಚು ಸ್ಪಂದಿಸುವುದು 555 ನ್ಯಾನೊಮೀಟರ್ ಸುತ್ತಿನ ಬೆಳಕಿಗೆ. 532ರ ಹಸಿರು ಅದಕ್ಕೆ ಹತ್ತಿರ, 650ರ ಕೆಂಪು ದೂರ. ಆದರೂ ಮಧ್ಯಾಹ್ನದ ಬಿಸಿಲಿನಲ್ಲಿ ಲೇಸರ್ ಚುಕ್ಕೆಯನ್ನು ಹುಡುಕುವುದೇ ಒಂದು ಕೆಲಸವಾಗುತ್ತದೆ. ಜೊತೆಗೆ ಲೇಸರ್ ಬೇರೆಯವರ ಕಣ್ಣಿಗೆ ಬಿದ್ದರೆ ಅಪಾಯ.

ಹಾಗಾದರೆ ಆಯ್ಕೆ ಹೇಗೆ?

ಸಾಧನವೇ ಗುರಿಕಾರನನ್ನು ಮಾಡುತ್ತದೆ ಎಂಬ ಭ್ರಮೆ ಬೇಡ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರನ್ನು ನೆನೆಯಿರಿ. ಅಂತರರಾಷ್ಟ್ರೀಯ ಪಿಸ್ತೂಲ್ ಸ್ಪರ್ಧೆಗಳಲ್ಲಿ ಮೊನೆ, ಕಚ್ಚುಗಳಲ್ಲದೆ ಬೇರೆ ಯಾವ ದೃಗ್ಸಾಧನಕ್ಕೂ ಅನುಮತಿಯಿಲ್ಲ. 10 ಮೀಟರ್ ಏರ್ ಪಿಸ್ತೂಲಿನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿ.ಮೀ. ಅವರು 2013ರಲ್ಲಿ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದದ್ದು ಹೀಗೆ. ಅದೇ ವರ್ಷ ಮುಖದ ಒಂದು ಪಾರ್ಶ್ವ ಸ್ವಾಧೀನ ತಪ್ಪಿತು. ಛಲ ಬಿಡದೆ ಮರಳಿ, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದರು. ಬರಿಯ ಕಬ್ಬಿಣದ ಮೊನೆಯಿಂದ!

ಆದರೆ ಸ್ಪರ್ಧೆಯಲ್ಲಿ ಗುರಿ ಯಾವುದೆಂಬ ಅನುಮಾನವಿಲ್ಲ, ಅದು ಕಾಗದದ ಹಲಗೆ. ಕರ್ತವ್ಯಕ್ಕೆಂದು ಪಿಸ್ತೂಲು ಒಯ್ಯುವ ಪೊಲೀಸರ ಸ್ಥಿತಿ ಬೇರೆ. ಎದುರಿಗಿರುವವನ ಕೈಯಲ್ಲಿರುವುದು ಆಯುಧವೋ ಮೊಬೈಲೋ ಎಂಬುದು ಒಂದು ಪ್ರಾಣದ ಪ್ರಶ್ನೆ. ಮೊನೆಯನ್ನು ದಿಟ್ಟಿಸುವ ಕಣ್ಣಿಗೆ ಮಸುಕಾಗುವುದು ಆ ಕೈಯೇ. ಕೆಂಪು ಚುಕ್ಕೆಯ ನಿಜವಾದ ಹೆಚ್ಚುಗಾರಿಕೆ ಇರುವುದು ಇಲ್ಲಿ: ಎರಡೂ ಕಣ್ಣು ತೆರೆದು, ನೋಟವನ್ನು ಎದುರಿನವರ ಮೇಲೆಯೇ ಇರಿಸಬಹುದು. ಚಾಳೀಸು ಬಂದವರಿಗೂ ಇದು ಅನುಕೂಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಬ್ಯಾಟರಿ ಮುಗಿಯಬಹುದು. ಮಳೆಹನಿ, ಧೂಳು ಚುಕ್ಕೆಯನ್ನು ಚದುರಿಸಬಹುದು. ಅಸ್ಟಿಗ್ಮ್ಯಾಟಿಸಂ ಇರುವವರಿಗೆ ಚುಕ್ಕೆ ನಕ್ಷತ್ರದಂತೆ ಕವಲೊಡೆದು ಕಾಣುತ್ತದೆ. ದೋಷ ಸಾಧನದ್ದೋ ಕಣ್ಣಿನದ್ದೋ ತಿಳಿಯಲು ಮೊಬೈಲ್ ಕ್ಯಾಮೆರಾದಲ್ಲಿ ಚುಕ್ಕೆಯ ಚಿತ್ರ ತೆಗೆದು ನೋಡಿ. ಚಿತ್ರದಲ್ಲಿ ದುಂಡಗಿದ್ದರೆ ತೊಂದರೆ ಕಣ್ಣಿನದು. ಚುಕ್ಕೆಯನ್ನು ಗಾಜಿನಲ್ಲಿ ತಟ್ಟನೆ ಹಿಡಿಯಲು ಅಭ್ಯಾಸವೂ ಬೇಕು. ಆದ್ದರಿಂದ ಕೆಂಪು ಚುಕ್ಕೆ ಇದ್ದರೂ ಹಳೆಯ ಮೊನೆ, ಕಚ್ಚುಗಳನ್ನು ಉಳಿಸಿಕೊಳ್ಳುವುದೇ ಜಾಣತನ. ಲೇಸರನ್ನು, ತೋಳೆತ್ತಿ ಕಣ್ಣಿನ ನೇರಕ್ಕೆ ಹಿಡಿಯಲಾಗದ ಸಂದರ್ಭಕ್ಕೆ ಒದಗುವ ಎರಡನೆಯ ಉಪಾಯ ಎಂದಷ್ಟೇ ಕಾಣಬೇಕು. ಕತ್ತಲಲ್ಲಿ ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಎದುರಿಗಿರುವವರು ಯಾರೆಂದು ತೋರಿಸುವ ಒಂದು ಟಾರ್ಚು.

ವಿದ್ಯಾರ್ಥಿಗಳಿಗೆ ಇದನ್ನೂ ಹೇಳಿ: ಪರವಾನಗಿಯಿಲ್ಲದೆ ಪಿಸ್ತೂಲು ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ. ಅವರ ಕುತೂಹಲಕ್ಕೆ ಪಿಸ್ತೂಲು ಬೇಕಿಲ್ಲ, ಪ್ರಯೋಗಾಲಯ ಸಾಕು.

ನೀವೇ ಮಾಡಿ ನೋಡಿ

ಕಪ್ಪು ಕಾಗದದಲ್ಲಿ ಸೂಜಿಯಿಂದ ಒಂದು ತೂತು ಮಾಡಿ, ಹಿಂದೆ ಕೆಂಪು ಎಲ್.ಇ.ಡಿ. ಹೊತ್ತಿಸಿ. 20 ಸೆಂ.ಮೀ. ಸಂಗಮದೂರದ ಪೀನ ಮಸೂರವನ್ನು ತೂತಿನಿಂದ ಸರಿಯಾಗಿ 20 ಸೆಂ.ಮೀ. ದೂರದಲ್ಲಿ ನಿಲ್ಲಿಸಿ. ಮಸೂರದ ಮುಂದೆ ಒಂದು ತೆಳು ಗಾಜನ್ನು 45 ಡಿಗ್ರಿ ಓರೆಯಾಗಿಟ್ಟು, ಸಂಜೆ ಬೆಳಕಿನಲ್ಲಿ ಅದರ ಮೂಲಕ ದೂರದ ಮರವನ್ನು ನೋಡಿ. ಮರದ ಮೇಲೆ ಕೆಂಪು ಚುಕ್ಕೆ ನಿಂತಿರುತ್ತದೆ. ತಲೆಯನ್ನು ಸ್ವಲ್ಪ ಅಲುಗಿಸಿ, ಚುಕ್ಕೆ ಅಲ್ಲೇ ಇರುತ್ತದೆ. ಈಗ ಮಸೂರವನ್ನು 5 ಸೆಂ.ಮೀ. ಹತ್ತಿರ ತನ್ನಿ. ತಲೆ ಅಲುಗಿದಂತೆ ಚುಕ್ಕೆಯೂ ಮರದ ಮೇಲೆ ಸರಿದಾಡುತ್ತದೆ. ಗ್ರಬ್‌ನ ಪೇಟೆಂಟಿನ ಸಾರ ಈ ವ್ಯತ್ಯಾಸದಲ್ಲೇ ಇದೆ.

ಮತ್ತೆ ಸದಾಶಿವನಗರದ ತಾರಸಿಗೆ ಬರೋಣ. ಎಂದಾದರೂ ಒಂದು ರಾತ್ರಿ ಬ್ಯಾಟರಿ ಮುಗಿದು ಕೆಂಪು ಚುಕ್ಕೆ ಆರಿಹೋಗುತ್ತದೆ. ಆಗ ಕೊಳವೆಯ ಉದ್ದಕ್ಕೂ ಕಣ್ಣು ಹಾಯಿಸಿ ಗುರುವನ್ನು ಹಿಡಿಯುವುದನ್ನು ಹುಡುಗನಿಗೆ ಕಲಿಸಿ. ದಾರಿ ತೋರಿಸುವುದಷ್ಟೇ ಸಾಧನದ ಕೆಲಸ. ಎತ್ತ ನೋಡಬೇಕು, ನೋಡಿದ್ದು ಏನು ಎಂದು ತಿಳಿಯಬೇಕಾದವರು ನಾವು. ತಾರಸಿಯ ಮೇಲೆ ಅದು ತಪ್ಪಿದರೆ ಒಂದು ಗ್ರಹ ಕೈತಪ್ಪುತ್ತದೆ, ಪಿಸ್ತೂಲಿನ ಹಿಂದೆ ತಪ್ಪಿದರೆ ಒಂದು ಜೀವ.