ಕನ್ಹಾನ್ ನೀರು, ನೆಲದಡಿಯ ಕಲ್ಲಿದ್ದಲು

ನಾಗಪುರದ ಕನ್ನಡಿಗರಾದ ನಾವು ಕುಡಿಯುವ ನೀರಿನಲ್ಲಿ ಕನ್ಹಾನ್ ನದಿಯ ಪಾಲೂ ಇದೆ. ಅದರ ಆಸುಪಾಸಿನ ಕಾಮಠಿ ಕ್ಷೇತ್ರದಲ್ಲಿ ನೆಲದಡಿಯ ಕಲ್ಲಿದ್ದಲು ಗಣಿಗಳಿವೆ. 1973ರಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡು, 1975ರಲ್ಲಿ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಇಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಸನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಕಾರ್ಮಿಕರು ಮಡಿದರು, ದೇಶವೇ ಮರುಗಿತು.

ಗಣಿಯಿಂದ ನೀರಿಗಾಗುವ ಕೇಡು ಹಾಗೆ ಸುದ್ದಿಯಾಗುವುದಿಲ್ಲ. ಕಲ್ಲಿದ್ದಲು ತೆಗೆದ ಪೊಳ್ಳು ಕುಸಿದರೆ ಮೇಲಿನ ಬಂಡೆ ಬಿರಿದು, ಬಾವಿಯ ನೀರು ಸದ್ದಿಲ್ಲದೆ ಕೆಳಗಿಳಿಯುತ್ತದೆ. ಪೊಳ್ಳಿಗೆ ಮರಳು ತುಂಬಿದರೆ ಕುಸಿತ ತಗ್ಗುತ್ತದೆ. ಆದರೆ ಅದಕ್ಕಾಗಿ ನದಿಯ ಮರಳನ್ನೇ ತೋಡಿದರೆ, ಅದು ಹಿಡಿದಿಟ್ಟ ನೀರಿಗೂ ಕುತ್ತು. ನದಿಯಡಿ ಕಲ್ಲಿದ್ದಲ ಕಂಬಗಳನ್ನು ಮುಟ್ಟದೆ ಉಳಿಸುವುದೇ ಲೇಸು. ಅನ್ನ ಕೊಟ್ಟ ಊರಿನ ನೀರಿಗೆ ನಾವೂ ಹೊಣೆಯಲ್ಲವೇ?